ಹಾರ್ಮೋನಿಯಂ ಮೇಲಿನ ಟಿಕಳಿ

ಹೋದ ವಾರ ಹಾರ್ಮೋನಿಯಂ ಧೂಳು ಒರೆಸುತ್ತಿದ್ದೆ. ನಮ್ಮ ಕೊಟ್ಟೂರಿನ ಧೂಳಿನ ಬಗ್ಗೆ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಬೆರಳಿನಿಂದ ನಿಮ್ಮ ಹೆಸರು ಬರೆಯಬಹುದು. ಮುಚ್ಚಿಟ್ಟ ಸಕ್ಕರೆ ಡಬ್ಬಿಯನ್ನೂ ಅದು ಬಿಡುವುದಿಲ್ಲ. ಹಾಗಾಗಿ ಆಗಾಗ ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಹಾರ್ಮೋನಿಯಂನ ಬಿಳಿ ಪಟ್ಟಿ, ಕರಿ ಪಟ್ಟಿಗಳ ಸಂದಿಯನ್ನು ತಿಕ್ಕುತ್ತೇನೆ. ಅವತ್ತು ಒಂದು ಸಂದಿಯಿಂದ ಹಸಿರು ಟಿಕಳಿ ಎದ್ದು ಬಂತು. ಹಣೆಗೆ ಅಂಟಿಸಿಕೊಳ್ಳುತ್ತೇವಲ್ಲ, ಅದೇ ಟಿಕಳಿ. ಅಂಟು ಆರಿ ಹೋಗಿತ್ತು. ಕಸಕ್ಕೆ ಹಾಕಬೇಕಾದದ್ದನ್ನು ಅಂಗೈಯಲ್ಲಿ ಇಟ್ಟುಕೊಂಡು ಅರ್ಧ ತಾಸು ಕೂತುಬಿಟ್ಟೆ. ಒಲೆಯ ಮೇಲಿನ ಬೇಳೆ ಸೀದು ಹೋದದ್ದು ಹೀಗೆ.

ಆ ಟಿಕಳಿ ಭೂಮಿಕಾಳದು. ಸರಿಯಾಗಿ ಹೇಳಬೇಕೆಂದರೆ ಟಿಕಳಿ ನನ್ನದು, ಅಂಟಿಸಿದ್ದೂ ನಾನೇ, ಕಿತ್ತದ್ದು ಮಾತ್ರ ಅವಳು. ಭೂಮಿಕಾ ನಮ್ಮ ಎದುರುಮನೆಯ ಹುಡುಗಿ. ನಾನು ಹೇಳುತ್ತಿರುವ ಹೊತ್ತಿಗೆ ಅವಳಿಗೆ ಆರು ವರ್ಷ. ಮಗುವಿಗೆ ಡೌನ್ ಸಿಂಡ್ರೋಮ್ ಇದೆ ಎಂದು ಹುಟ್ಟಿದಾಗಲೇ ಡಾಕ್ಟರು ಹೇಳಿದ್ದರು. ಮಾತು ತಡ, ನಡಿಗೆ ತಡ, ಬೆರಳುಗಳು ಗಿಡ್ಡ, ಮೆತ್ತಗೆ. ಹಠ ಮಾತ್ರ ವಯಸ್ಸಿಗಿಂತ ಮುಂದಿತ್ತು. ಓಣಿಯ ಜನ ಅವಳನ್ನು ‘ದೇವರ ಮಗು’ ಎಂದು ಕರೆದು ಕೈಮುಗಿಯುತ್ತಿದ್ದರು, ಮುಗಿದ ಮೇಲೆ ತಮ್ಮ ಮಕ್ಕಳನ್ನು ಮೆಲ್ಲಗೆ ಒಳಗೆ ಕರೆದುಕೊಳ್ಳುತ್ತಿದ್ದರು. ನನ್ನ ಅನುಭವದ ಪ್ರಕಾರ ಅವಳು ದೇವರಿಗಿಂತ ಹೆಚ್ಚಾಗಿ ನಮ್ಮ ಹಳೆಯ ಹೆಡ್‌ಮಾಸ್ತರರನ್ನು ಹೋಲುತ್ತಿದ್ದಳು. ತಾನು ಅಂದುಕೊಂಡದ್ದು ಆಗುವ ತನಕ ಅವರೂ ಯಾರನ್ನೂ ಕುರ್ಚಿಯಿಂದ ಏಳಗೊಡುತ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತಳಾದವಳು. ಹಾರ್ಮೋನಿಯಂ ಅಪ್ಪನಿಂದ ಬಂದದ್ದು. ಕಂಠವೂ ಅವರಿಂದ ಬಂದಿದ್ದರೆ ಚೆನ್ನಾಗಿತ್ತು, ಅದು ಯಾರ ಕಡೆಯಿಂದ ಬಂತೋ ತಿಳಿಯದು. ನಾನು ಬರೀ ಬಾರಿಸಿದರೆ ನಮ್ಮ ಯಜಮಾನರು ಪಡಸಾಲೆಯಲ್ಲೇ ಪೇಪರು ಓದುತ್ತಾರೆ, ದನಿ ಎತ್ತಿದೆನೋ ಪೇಪರು ಮಡಚಿಕೊಂಡು ಹಿತ್ತಿಲಿಗೆ ಹೋಗುತ್ತಾರೆ. ಭೂಮಿ ಮಾತ್ರ ನಾನು ಹಾಡಿದರೂ ಎದ್ದು ಹೋಗಲಿಲ್ಲ. ಸಂಜೆ ಪೇಟಿಯ (ಹಾರ್ಮೋನಿಯಂಗೆ ನಾವು ಹಾಗೇ ಅನ್ನುವುದು) ಸದ್ದು ಕೇಳಿದರೆ ಸಾಕು, ಓಣಿ ದಾಟಿ ಬಂದು ನಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. ಅಂಥ ಶ್ರೋತೃ ಸಿಕ್ಕಮೇಲೆ ಬಿಡಲು ಮನಸ್ಸಾದೀತೇ? ಕಲಿಸುತ್ತೇನೆ ಎಂದು ನಾನೇ ಹೇಳಿದೆ. ದಿನಾ ನಾಲ್ಕು ಗಂಟೆಗೆ ಅವಳ ಅಜ್ಜಿ ಹಂಪಮ್ಮ ಮೊಮ್ಮಗಳ ಕೈತೊಳೆದು, ಮುಖ ಒರೆಸಿ, ತಂದು ಕೂರಿಸುವುದು ಶುರುವಾಯಿತು.

ಭೂಮಿಯ ತಾಯಿ, ಹಂಪಮ್ಮನ ಸೊಸೆ ಶೈಲಾ ಮನೆಯಲ್ಲೇ ಜಂಪರು ಹೊಲಿಯುತ್ತಾಳೆ. ಒಂದು ದಿನ ಅಳತೆಯ ಟೇಪು ಕೊರಳಲ್ಲಿ ಹಾಕಿಕೊಂಡೇ ಬಂದು ಬಾಗಿಲಲ್ಲಿ ನಿಂತಳು. ನಾನು ಎಲ್ಲ ಮೇಷ್ಟರುಗಳ ಹಾಗೆ, ಸ್ವಲ್ಪ ನಿಧಾನ ಆಗುತ್ತೆ, ಆದರೂ ಕಲಿಯುತ್ತಾಳೆ ಎಂದು ಸಮಾಧಾನ ಹೇಳಲು ಹೊರಟೆ. ಅವಳು ತಡೆದಳು.

“ಕಲೀಲಿ ಬಿಡ್ಲಿ ಅಕ್ಕೋರೆ. ದಿನಾ ಒಂದು ತಾಸು ಯಾರರ ಆಕಿ ಹಾದಿ ನೋಡ್ತಾರಲ್ಲ, ನನಗ ಅಷ್ಟು ಸಾಕು.”

ಅಷ್ಟು ಹೇಳಿ ಹೋದಳು. ಆ ಮಾತಿನ ಅರ್ಥ ನನಗೆ ಪೂರ್ತಿ ಆಗಲು ಸಮಯ ಹಿಡಿಯಿತು. ಆ ಮನೆಗೆ ಮದುವೆ, ತೊಟ್ಟಿಲು, ಗೃಹಪ್ರವೇಶ ಎಂದು ಕರೆಯಲು ಬಂದವರು, “ಎಲ್ಲಾರೂ ಬರ್ರಿ” ಎಂದು ಹೇಳಿ, ಹೊಸ್ತಿಲು ದಾಟುವಾಗ ದನಿ ತಗ್ಗಿಸಿ, ಮಗೂನ ಅಜ್ಜಿ ಹತ್ರ ಬಿಟ್ಟು ಬಂದರೆ ನಿಮಗೇ ಆರಾಮ ಎಂದು ಸೇರಿಸುತ್ತಿದ್ದರಂತೆ. ಆರು ವರ್ಷದಲ್ಲಿ ಆ ಮಗುವನ್ನು ಹೆಸರು ಹಿಡಿದು ಯಾರೂ ಒಂದು ಕಾರ್ಯಕ್ಕೂ ಕರೆದಿರಲಿಲ್ಲ.

ಅಪ್ಪನ ಮಾತು ಬಂತಲ್ಲ, ಸ್ವಲ್ಪ ಅಲ್ಲಿಗೆ ಹೋಗಿ ಬರೋಣ. ನಮ್ಮಪ್ಪ ಪೇಟಿ ಮಾಸ್ತರರು. ಸುಗ್ಗಿ ಮುಗಿದ ಮೇಲೆ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯ ಹಳ್ಳಿಗಳಿಗೆ ಹೋಗಿ ನಾಟಕ ಕಲಿಸುತ್ತಿದ್ದರು. ಶಾಲೆಗೆ ರಜೆ ಇದ್ದರೆ ನಾನೂ ಬೆನ್ನಿಗೆ. ಒಮ್ಮೆ ಹರಪನಹಳ್ಳಿ ಕಡೆಯ ಅರಸೀಕೆರೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನು ಬಿಟ್ಟು, ಸೀಟಿನ ಮೇಲೆ ನನ್ನ ಪಕ್ಕ ಕೂತಿದ್ದ ಪೇಟಿಗೆ ಟಿಕೆಟ್ ಕೇಳಿದ. ಅಪ್ಪ ಗಂಭೀರವಾಗಿ, “ಇದಕ್ಕಿನ್ನಾ ಐದು ವರ್ಷ ತುಂಬಿಲ್ರೀ, ಬೇಕಂದ್ರ ಅಳಿಸಿ ತೋರಸ್ತೀನಿ” ಎಂದು ಮುಚ್ಚಳ ತೆಗೆದರು. ಅರಸೀಕೆರೆ ಬರುವ ತನಕ ಬಸ್ಸಿಗೆ ಬಸ್ಸೇ ಕೇಳಿತು, ಕಂಡಕ್ಟರ್ ಟಿಕೆಟ್ಟಿನ ಮಾತು ಎತ್ತಲಿಲ್ಲ.

ಇಷ್ಟು ರಸಿಕರಾದ ಅಪ್ಪ ಕಲಿಸಲು ಕೂತರೆ ಬೇರೆಯೇ ಮನುಷ್ಯ. ಮೊದಲು ‘ಸ’ ಮಾತ್ರ. ಒಂದೇ ಪಟ್ಟಿ ಒತ್ತಿ, ಗಾಳಿ ತುಂಬುವ ತಿದಿ ಅದುಮುತ್ತ, ದನಿ ನಡುಗದ ಹಾಗೆ ಹಿಡಿದು ಕೂರಬೇಕು. ‘ಸ’ದಲ್ಲಿ ಮನೆ ಮಾಡು, ಆಮೇಲೆ ಊರು ನೋಡಲು ಹೋಗುವಿಯಂತೆ, ಎನ್ನುತ್ತಿದ್ದರು. ನಾನು ಎರಡನೇ ದಿನವೇ ಅವರು ಎಲೆಅಡಿಕೆ ತರಲು ಹೊರಗೆ ಹೋದಾಗ ‘ಪ’ಕ್ಕೆ ಹಾರಿ ಸಿಕ್ಕಿಬಿದ್ದೆ. ಅವರಿಗೆ ಬೇಕಾಗಿದ್ದ ಶಿಷ್ಯೆ ನಾನಲ್ಲ. ಅವರ ಜೀವಮಾನ ಕಳೆದು, ಎಷ್ಟೋ ವರ್ಷಗಳ ಮೇಲೆ ಆ ಶಿಷ್ಯೆ ನನ್ನ ಕಟ್ಟೆಗೆ ಬಂದು ಕೂತಳು. ಭೂಮಿಗೆ ‘ಸ’ ಸಾಕಾಗಿತ್ತು. ಒತ್ತುವಳು, ಸದ್ದು ಬಂದ ಕೂಡಲೇ ಕಣ್ಣರಳಿಸಿ ನನ್ನ ಕಡೆ ನೋಡುವಳು. ನಿನ್ನೆ ಬಂದಿತ್ತು, ಇವತ್ತೂ ಬಂತು! ಮತ್ತೆ ಒತ್ತುವಳು. ವಾರಗಟ್ಟಲೆ ಇದೇ ನಡೆಯಿತು. ನಾನೋ ಸಿಲಬಸ್ ಮುಗಿಸಿ ಅಭ್ಯಾಸವಾದವಳು, ಒಳಗೊಳಗೇ ಚಡಪಡಿಸುತ್ತಿದ್ದೆ.

ಆಗ ಹೊಳೆದದ್ದು ಟಿಕಳಿ. ‘ಸ’ಕ್ಕೆ ಕೆಂಪು, ‘ರಿ’ಗೆ ಹಳದಿ, ‘ಗ’ಕ್ಕೆ ಹಸಿರು, ‘ಮ’ಕ್ಕೆ ನೀಲಿ ಅಂಟಿಸಿದೆ. ಬಣ್ಣ ನೋಡಿ ಒತ್ತಲಿ ಎಂದು. ಬಿ.ಎಡ್. ಓದಿದ್ದು ಇವತ್ತು ಸಾರ್ಥಕವಾಯಿತು ಅಂದುಕೊಂಡೆ. ಭೂಮಿ ಪಟ್ಟಿಗಳನ್ನು ನೋಡಿದಳು, ನನ್ನನ್ನು ನೋಡಿದಳು. ಟಿಕಳಿ ಇರಬೇಕಾದ ಜಾಗ ಯಾವುದು ಎಂಬುದರಲ್ಲಿ ಅವಳಿಗೆ ಯಾವ ಸಂಶಯವೂ ಇರಲಿಲ್ಲ. ಒಂದೊಂದಾಗಿ ಉಗುರಿನಿಂದ ಎಬ್ಬಿಸಿ ನನ್ನ ಹಣೆಗೆ ಅಂಟಿಸಿದಳು, ಹಸಿರು ಮಾತ್ರ ಬೆರಳಿನಿಂದ ಜಾರಿ ಎಲ್ಲೋ ಬಿತ್ತು. ಗಿಡ್ಡ ಬೆರಳು, ನುಣುಪಾದ ಟಿಕಳಿ, ಕಷ್ಟದ ಕೆಲಸ, ನಾಲಿಗೆ ಹೊರಗೆ ಚಾಚಿಕೊಂಡು ಮಾಡಿ ಮುಗಿಸಿದಳು. ಬೆರಳಿಗೆ ಕಸುವು ಬರಲೆಂದು ನಾನೂ ಸುಮ್ಮನೆ ಹಣೆ ಕೊಟ್ಟು ಕೂತೆ. ಆಮೇಲೆ ಮರೆತು ಹಾಗೇ ತರಕಾರಿಗೆ ಹೋದೆ. ಮೆಣಸಿನಕಾಯಿ ಮಾರುವ ಹೆಂಗಸು ತಕ್ಕಡಿ ಹಿಡಿದೇ ನನ್ನ ಹಣೆಯನ್ನು ಭಕ್ತಿಯಿಂದ ನೋಡಿ, ಯಾವ ದೇವರಿಗೆ ಹರಕೆ ಎಂದು ಕೇಳಿದಳು. ಭೂಮಮ್ಮ ಎಂದೆ. ಅವಳು ಒಂದು ಹಿಡಿ ಮೆಣಸಿನಕಾಯಿ ಹೆಚ್ಚಿಗೆ ಹಾಕಿದಳು.

ಟಿಕಳಿಗಿಂತ ದೊಡ್ಡ ತೊಡಕು ತಿದಿಯದು. ಬಲಗೈ ಪಟ್ಟಿ ಒತ್ತುವಾಗ ಎಡಗೈ ಹಿಂದಿನ ತಿದಿಯನ್ನು ಒಂದೇ ಹದದಲ್ಲಿ ಆಡಿಸಬೇಕು. ಭೂಮಿ ಅದನ್ನು ಕಳ್ಳನನ್ನು ಹಿಡಿದು ಬಡಿದಂತೆ ಬಡಿಯುತ್ತಿದ್ದಳು, ಇಲ್ಲವೇ ಮರೆತೇ ಬಿಡುತ್ತಿದ್ದಳು. ಮೆಲ್ಲಗೆ ಎಂದರೆ ನಿಲ್ಲಿಸುವಳು. ಜೋರು ಎಂದರೆ ಮತ್ತೆ ಬಡಿತ. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಮೊಸರು ಕೊಡಲು ಎದುರುಮನೆಗೆ ಹೋದರೆ ಹಂಪಮ್ಮ ನೆಲದ ಮೇಲೆ ಮಲಗಿ ನಿದ್ದೆ ಹೋಗಿದ್ದಳು. ತಲೆದೆಸೆಗೆ ಭೂಮಿ ಕೂತು ಬೀಸಣಿಕೆಯಿಂದ ಗಾಳಿ ಹಾಕುತ್ತಿದ್ದಳು. ಅಜ್ಜಿಗೆ ಎಚ್ಚರ ಆಗಬಾರದು, ಸೆಕೆಯೂ ಆಗಬಾರದು, ಅಷ್ಟು ಹದವಾಗಿ. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದಳು. ಮೊಸರಿನ ಪಾತ್ರೆ ಹಿಡಿದುಕೊಂಡು ಹಾಗೇ ನಿಂತೆ. ಅವತ್ತು ಸಂಜೆ ತಿದಿ ಬಿಚ್ಚಿ, “ಭೂಮಿ, ಪೇಟಿಗೆ ಸೆಕಿ ಆಗೈತಿ, ಗಾಳಿ ಹಾಕವ್ವ” ಎಂದೆ. ಅವಳಿಗೆ ಅಯ್ಯೋ ಅನಿಸಿರಬೇಕು. ಪೇಟಿಯ ಮುಖವನ್ನೊಮ್ಮೆ ಸವರಿ ಗಾಳಿ ಹಾಕತೊಡಗಿದಳು. ‘ಸ’ ಒಂದಿಷ್ಟೂ ನಡುಗದೆ ಎದ್ದು ಪಡಸಾಲೆ ತುಂಬಿತು. ಯಜಮಾನರು ಪೇಪರು ಇಳಿಸಿ ನೋಡಿದರು. ನನಗೆ ಅಳು ಬಂತು, ನೀರು ಕುಡಿಯುವ ನೆವದಲ್ಲಿ ಒಳಗೆ ಹೋದೆ.

ಮುಂದಿನದು ಹಂಪಮ್ಮನಿಂದ ಆಯಿತು. ಹಂಪಮ್ಮ ನಮ್ಮ ಓಣಿಗೆಲ್ಲ ಸೋಬಾನೆ ಹಾಡುವವಳು. ಯಾರ ಮನೆಯ ಶುಭಕಾರ್ಯಕ್ಕೂ ಮೊದಲ ಸಾಲು ಅವಳದು, ಉಳಿದವರು ಹಿಂದಿನಿಂದ ದನಿಗೂಡಿಸಬೇಕು. ಮೊಮ್ಮಗಳ ಪಾಠ ಮುಗಿಯುವ ತನಕ ಬಾಗಿಲ ಬಳಿ ಶೇಂಗಾ ಸುಲಿಯುತ್ತ ಅದನ್ನೇ ಗುನುಗುತ್ತಿದ್ದಳು. ಆ ಧಾಟಿ ನಾಲ್ಕೇ ಪಟ್ಟಿಯಲ್ಲಿ ಹೋಗಿ ಬರುತ್ತದೆ ಎಂಬುದು ನನಗೆ ಒಂದು ದಿನ ಥಟ್ಟನೆ ಹೊಳೆಯಿತು. ಸರಳೆ ವರಸೆ ಬಿಟ್ಟೆ, ಸೋಬಾನೆ ಹಿಡಿದೆ. ಹಂಪಮ್ಮ ಹಾಡಬೇಕು, ಭೂಮಿ ನಡುಬೆರಳು ಒಂದರಿಂದಲೇ ಹುಡುಕಿ ಹುಡುಕಿ ಒತ್ತಬೇಕು. ಅಜ್ಜಿ ಉಸಿರು ತೆಗೆದುಕೊಳ್ಳಲು ನಿಂತರೆ ಅವಳೂ ನಿಲ್ಲುವಳು, ಗಾಳಿ ಮಾತ್ರ ಹಾಕುತ್ತ ಅಜ್ಜಿಯ ಬಾಯಿ ನೋಡುತ್ತ ಕಾಯುವಳು. ಮಳೆಗಾಲ ಕಳೆದು ಚಳಿ ಬರುವ ಹೊತ್ತಿಗೆ ಅಜ್ಜಿ ಮೊಮ್ಮಗಳು ಸೇರಿ ಒಂದು ಪದವನ್ನು ಮೊದಲಿಂದ ಕೊನೆಯ ತನಕ ಮುಟ್ಟಿಸಿದರು. ನಾನು ಗುರು ಎಂದು ಹೇಳಿಕೊಳ್ಳಲು ಅಲ್ಲಿ ಉಳಿದದ್ದು ಬಹಳ ಕಡಿಮೆ.

ಆ ಚಳಿಗಾಲದಲ್ಲೇ ಶೈಲಾಗೆ ಏಳು ತಿಂಗಳು ತುಂಬಿತು. ನಮ್ಮಲ್ಲಿ ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ ಮಾಡುತ್ತಾರೆ. ತವರಿನವರು ಸೀರೆ, ಕುಬಸ ಎಂದೇ ಕರೆಯುವ ಜಂಪರು, ಬುತ್ತಿ ತಂದು ಬಸುರಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿ, ಆರತಿ ಮಾಡಿ ತವರಿಗೆ ಕರೆದೊಯ್ಯುತ್ತಾರೆ. ಶೈಲಾಳ ತವರು ಗುಡೇಕೋಟೆ. ಕುಬಸದ ಹಸಿರು ಬಟ್ಟೆ ಮುಂಚೆಯೇ ಬಂದಿತ್ತು, ತಾನೇ ಹೊಲಿದುಕೊಂಡಳು. ಉಳಿದ ಬಟ್ಟೆಯಲ್ಲಿ ಭೂಮಿಗೊಂದು ಫ್ರಾಕು ಹೊಲಿದಳು.

ಕುಬಸದ ಹಿಂದಿನ ದಿನ ಹಂಪಮ್ಮ ಒಬ್ಬಳೇ ಬಂದಳು. ಕೂತಳು, ಎದ್ದಳು, ಮತ್ತೆ ಕೂತಳು. ನಾಳೆ ಪಾಠ ಸ್ವಲ್ಪ ಹೆಚ್ಚು ಹೊತ್ತು ಹೇಳಿ, ಆರತಿ ಮುಗಿದ ಮೇಲೆ ನಾನೇ ಬಂದು ಕರೆದೊಯ್ಯುತ್ತೇನೆ, ಶೈಲಾಗೆ ಈಗಲೇ ಹೇಳಬೇಡಿ ಎಂದಳು. ನನಗೆ ಅರ್ಥವಾಯಿತು. ಬಸುರಿಯ ಕಣ್ಣು ಎಂಥ ಮಗುವಿನ ಮೇಲೆ ಬೀಳುತ್ತದೋ ಹೊಟ್ಟೆಯಲ್ಲಿರುವುದೂ ಹಾಗೇ ಆಗುತ್ತದೆ ಎನ್ನುವ ಮಾತು ನಮ್ಮ ಕಡೆ ಇನ್ನೂ ಸತ್ತಿಲ್ಲ. ಯಾರ ಮನೆಯ ಕುಬಸಕ್ಕೂ ಭೂಮಿಯನ್ನು ಕರೆಯುತ್ತಿರಲಿಲ್ಲ ಎಂದು ಗೊತ್ತಿತ್ತು. ಆದರೆ ಇದು ಅವಳ ತಾಯಿಯದೇ. ನನಗೆ ಸಿಟ್ಟು ಬಂತು. ದಿನಾ ತಾಯಿಯ ಮಗ್ಗುಲಲ್ಲೇ ಮಲಗುವ ಮಗು ನಾಳೆ ಒಂದು ದಿನ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂದು ಕೇಳಿದೆ.

“ನನಗ ಗೊತ್ತಿಲ್ಲೇನ್ರಿ ಅಕ್ಕೋರೆ?” ಎಂದಳು ಹಂಪಮ್ಮ. “ನಾಳೆ ಮಂದಿ ಬರ್ತಾರ. ಆಕಿ ಹೊಟ್ಟಿ ನೋಡಿ ಈಕಿನ್ನ ನೋಡ್ತಾರ. ಈಕಿನ್ನ ನೋಡಿ ಲೊಚಗುಡ್ತಾರ. ಕುಂತು ಹಾಡಾಕಿ ನಾನು. ಅದನ್ನ ನೋಡಿಕೆಂತ ನನ್ನ ಬಾಯಾಗ ಹಾಡು ಹೆಂಗ ಬರ್ತೈತ್ರಿ?”

ನನ್ನ ಸಿಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ. ನಾಲ್ಕು ಗಂಟೆಗೆ ಪಾಠ ಎಂದಿನಂತೆ ಇರುತ್ತದೆ, ಬಾಗಿಲೂ ಎಂದಿನಂತೆ ತೆರೆದೇ ಇರುತ್ತದೆ ಎಂದೆ. ಅವಳು ತಲೆಯಾಡಿಸಿ ಹೋದಳು.

ಮರುದಿನ ನಾಲ್ಕಕ್ಕೆ ಭೂಮಿ ಬಂದಳು. ಹಸಿರು ಫ್ರಾಕು, ಎರಡು ಜಡೆ, ಜಡೆಗೆ ಕನಕಾಂಬರ. ಅಜ್ಜಿಯೇ ಶೃಂಗಾರ ಮಾಡಿ ತಂದಿದ್ದಳು, ಬಿಟ್ಟು ಹೋಗುವಾಗ ನನ್ನ ಮುಖ ನೋಡಲಿಲ್ಲ. ಎದುರುಮನೆಯ ಮುಂದೆ ಶಾಮಿಯಾನ, ಚಪ್ಪಲಿಗಳ ರಾಶಿ, ಹೋಳಿಗೆಯ ವಾಸನೆ. ಭೂಮಿ ಪೇಟಿಯನ್ನು ಮುಟ್ಟಲಿಲ್ಲ. ಬಾಗಿಲ ಕಡೆ ಕೈ ತೋರಿಸಿ “ಅವ್ವ” ಎಂದಳು. ಆಮೇಲೆ ಹೋಗೋಣ ಎಂದೆ. ಅವಳು ಫ್ರಾಕಿನ ಅಂಚು ಎತ್ತಿ ನನಗೆ ತೋರಿಸಿ ಮತ್ತೆ “ಅವ್ವ” ಎಂದಳು. ನೋಡು, ಬಟ್ಟೆ ಒಂದೇ, ನಾನು ಅಲ್ಲಿರಬೇಕಾದವಳು ಎಂಬ ಅರ್ಥ. ಎದ್ದು ಅವಳ ಕೈ ಹಿಡಿದೆ, ಯಾರು ಏನಾದರೂ ಅನ್ನಲಿ, ಕರೆದುಕೊಂಡು ಹೋಗಿಬಿಡುತ್ತೇನೆ ಎಂದು.

ಅಷ್ಟರಲ್ಲಿ ಓಣಿಯಾಚೆ ಹಂಪಮ್ಮನ ಸೋಬಾನೆ ಎದ್ದಿತು. ಭೂಮಿ ನನ್ನ ಕೈ ಬಿಡಿಸಿಕೊಂಡು ಕೂತುಬಿಟ್ಟಳು. ಅಜ್ಜಿ ಹಾಡಿದರೆ ಬಾರಿಸಬೇಕು, ಇಷ್ಟು ತಿಂಗಳು ನಾವು ಕಲಿಸಿದ್ದು ಅದನ್ನೇ. ತಿದಿಗೆ ಗಾಳಿ ಹಾಕಿ, ನಡುಬೆರಳು ಊರಿ, ಅಜ್ಜಿಯ ದನಿಯ ಹಿಂದೆ ಹೊರಟಳು. ಒಂದು ಸಾಲು ಆಯಿತು, ಎರಡು ಸಾಲು ಆಯಿತು. ಆ ಮನೆಯಲ್ಲಿ ಮೊದಲು ಗುಜುಗುಜು ನಿಂತಿತು. ಆಮೇಲೆ ದನಿಗೂಡಿಸುತ್ತಿದ್ದ ಹೆಂಗಸರು ನಿಂತರು. ಮೂರನೆಯ ಸಾಲಿನ ನಡುವೆ ಹಂಪಮ್ಮನ ಹಾಡೂ ನಿಂತಿತು. ಭೂಮಿ ಬೆರಳೆತ್ತಿ, ಬರೀ ಗಾಳಿ ಹಾಕುತ್ತ, ಬಾಗಿಲು ನೋಡುತ್ತ ಕಾದಳು.

ಉಡಿ ತುಂಬಿಸಿಕೊಂಡವಳು ಆರತಿ ಆಗುವ ತನಕ ಮಣೆ ಬಿಟ್ಟು ಏಳಬಾರದು. ಇದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಶೈಲಾ ಎದ್ದಿದ್ದಳು. ಹಸಿರು ಸೀರೆ, ತಲೆಗೆ ಹೂವಿನ ದಂಡೆ, ಅಕ್ಕಿ ಕೊಬ್ಬರಿ ಉತ್ತತ್ತಿ ತುಂಬಿದ ಸೆರಗನ್ನು ಎರಡೂ ಕೈಯಿಂದ ಅವುಚಿಕೊಂಡು ಬರಿಗಾಲಲ್ಲಿ ಓಣಿ ದಾಟಿ ಬಂದಳು. ಹಿಂದೆ ಹೆಂಗಸರು, ಏಳಬಾರದವ್ವ, ಅಪಶಕುನ ಆಕ್ಕೈತಿ ಎನ್ನುತ್ತ, ಒಬ್ಬರ ಕೈಯಲ್ಲಿ ಆರತಿ ತಟ್ಟೆ, ಒಬ್ಬರ ಕೈಯಲ್ಲಿ ಎಣ್ಣೆ ಬಟ್ಟಲು. ಶೈಲಾ ನಮ್ಮ ಪಡಸಾಲೆಯಲ್ಲಿ ಪೇಟಿಯ ಪಕ್ಕ, ಮಗಳಿಗೆ ಒತ್ತಿಕೊಂಡು, ಉಡಿ ಚೆಲ್ಲದ ಹಾಗೆ ಮೆಲ್ಲಗೆ ನೆಲದ ಮೇಲೆ ಕೂತಳು.

“ಆರತಿ ಇಲ್ಲೇ ಮಾಡ್ರಿ,” ಎಂದಳು.

ಯಾರೂ ಮುಂದೆ ಬರಲಿಲ್ಲ. ಗುಡೇಕೋಟೆಯಿಂದ ಬಂದ ಅವಳ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕೊನೆಗೆ ಎಲ್ಲರನ್ನೂ ಸರಿಸಿಕೊಂಡು ಹಂಪಮ್ಮ ಒಳಗೆ ಬಂದಳು, ಕಂಕುಳಲ್ಲಿ ಮಣೆ. ಸೊಸೆಯನ್ನು ತೋಳು ಹಿಡಿದು ಎಬ್ಬಿಸಿ ಮಣೆಯ ಮೇಲೆ ಕೂರಿಸಿದಳು. ತಾನೂ ಎದುರಿಗೆ ಕೂತು ಮೊಮ್ಮಗಳ ಕಡೆ ನೋಡಿ ಗಂಟಲು ಸರಿಮಾಡಿಕೊಂಡಳು.

ಆರತಿಯ ಪದದಲ್ಲಿ ಬಸುರಿಯ ಹೆಸರನ್ನು ನೇರ ಹೇಳುವುದಿಲ್ಲ. ಇಂಥವರ ಮಗಳು, ಇಂಥವರ ಮಡದಿ ಎಂದು ಹೆಸರು ಕೂಡಿಸಿಕೊಂಡು ಹಾಡುತ್ತಾರೆ, ಯಾರ ಹೆಸರು ಎನ್ನುವುದು ಹಾಡುವವಳಿಗೆ ಬಿಟ್ಟದ್ದು. ಹಂಪಮ್ಮ ಇಷ್ಟು ಹೊತ್ತು ಮಗನ ಹೆಸರು ಹಿಡಿದು, ಬಸವರಾಜನ ಮಡದಿಗೆ ಎಂದು ಹಾಡುತ್ತಿದ್ದಳು. ಈಗ ಎಲ್ಲರ ಎದುರಿಗೆ, ನಿಂತುಹೋದ ಸಾಲನ್ನು ಬೇರೆ ಮಾಡಿ ಎತ್ತಿಕೊಂಡಳು.

“ಭೂಮಿಕಾನ ಹಡೆದವ್ವಗೆ ಆರತಿ ಎತ್ತಿರೇ…”

ಹೆಂಗಸರು ದನಿಗೂಡಿಸಿದರು. ಭೂಮಿಕಾನ ಹಡೆದವ್ವಗೆ ಎಂದು ಅಷ್ಟೂ ಮಂದಿ ಒಟ್ಟಿಗೆ ಹೇಳಿದರು. ಭೂಮಿ ಬಾರಿಸುವುದನ್ನು ನಿಲ್ಲಿಸಿದಳು. ಶಾಲೆಯಲ್ಲಿ ಹಾಜರಿ ಕೂಗುವಾಗ ಎತ್ತುವ ಹಾಗೆ ಬಲಗೈಯನ್ನು ಮೇಲೆತ್ತಿ, ಸುತ್ತ ನಿಂತ ಎಲ್ಲರ ಮುಖ ನೋಡಿ, ಗಟ್ಟಿಯಾಗಿ ಹೇಳಿದಳು:

“ಇಲ್ಲೇ ಅದೀನಿ.”